ಹೂದೋಟದಿಂದ ಕಾಡಿಗೆ ಹೋದ ಗಿಡ



ರಾಜಮಹಾರಾಜರಿಗೆ ಚರಿತ್ರೆ ಉಂಟು, ಯುದ್ಧಗಳಿಗೆ ಉಂಟು, ಕೋಟೆಕೊತ್ತಲಗಳಿಗೆ ಉಂಟು. ಮನೆಯ ಮುಂದಿನ ಬೇಲಿಗೂ ಒಂದು ಚರಿತ್ರೆ ಉಂಟು ಎಂದರೆ ನಿಮ್ಮಲ್ಲಿ ಕೆಲವರಾದರೂ ನಕ್ಕಾರು. ನಗರವಾಸಿಗಳ ಕೈತೋಟ ಮತ್ತು ಉದ್ಯಾನ ವಿನ್ಯಾಸವನ್ನು ಕುರಿತ ನಮ್ಮ ಮಾತುಕತೆಯ ಕಾರ್ಯಕ್ರಮದಲ್ಲಿ ಕುಂಡ, ಗೊಬ್ಬರ, ಹುಲ್ಲುಹಾಸುಗಳ ವಿಚಾರವೇ ಹೆಚ್ಚಾಗಿ ಬಂತು. ಅದು ಸಹಜ. ನೋಡುಗರು ಬರೆಯುವ ಪತ್ರಗಳಲ್ಲಿ ಕೇಳುವುದೂ ಅದನ್ನೇ. ಆದರೆ ಒಂದು ಗಿಡವನ್ನು ಅಂದಕ್ಕಾಗಿ ಒಂದು ಊರಿನಿಂದ ಇನ್ನೊಂದು ಊರಿಗೆ ತಂದಾಗ ಏನೇನು ಆಗಬಹುದು ಎಂಬ ಪ್ರಶ್ನೆಯನ್ನು ಪರದೆಯ ಮೇಲಿನ ಅರ್ಧ ಗಂಟೆಯಲ್ಲಿ ಬಿಡಿಸಿ ಹೇಳುವುದು ಕಷ್ಟ. ಆ ಕೆಲಸವನ್ನು ಈ ಪುಟಗಳಲ್ಲಿ ಮಾಡೋಣ. ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕುಗಳ ಬೆಟ್ಟಸಾಲು ಸಾಕು.

ಮೊದಲು ಸ್ಥಳದ ಪರಿಚಯ. ಯಳಂದೂರಿನ ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟ. ಹನೂರಿನಿಂದ ಮುಂದೆ ಕೌದಳ್ಳಿ ದಾಟಿ ಹೋದರೆ ಮಲೆ ಮಹದೇಶ್ವರ ಬೆಟ್ಟ. ಇವೆರಡಕ್ಕೂ ಹೆಬ್ಬಾಗಿಲಿನಂತೆ ರೇಷ್ಮೆಯ ಊರು ಕೊಳ್ಳೇಗಾಲ. ಈಗ ಮೂರೂ ಚಾಮರಾಜನಗರ ಜಿಲ್ಲೆಗೆ ಸೇರಿವೆ. ಈ ಜಿಲ್ಲೆ ಆದದ್ದು 1997ರಲ್ಲಿ. ಹನೂರು ಕೊಳ್ಳೇಗಾಲದಿಂದ ಬೇರೆಯಾಗಿ ತಾಲ್ಲೂಕಾದದ್ದು ಇನ್ನೂ ಈಚೆಗೆ. ಇದಕ್ಕೂ ಹಿಂದೆ, 1956ರ ನವೆಂಬರ್ 1ರವರೆಗೆ, ಕೊಳ್ಳೇಗಾಲ ಮದ್ರಾಸಿನ ಆಡಳಿತದಲ್ಲಿ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಪಕ್ಕದ ಯಳಂದೂರಾದರೋ ಮೈಸೂರು ಸಂಸ್ಥಾನದ್ದು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿದ ಊರು ಅದು. ಒಂದೇ ಬೆಟ್ಟ, ಎರಡು ಸರಕಾರ. ಆನೆಗೆ ಈ ಗಡಿ ಗೊತ್ತಿರಲಿಲ್ಲ, ಗಿಡಕ್ಕೂ ಗೊತ್ತಿರಲಿಲ್ಲ. ಕಡತಗಳು ಮಾತ್ರ ಎರಡು ಕಡೆ ಬೆಳೆದವು.

1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಈ ದಾರಿಯಲ್ಲಿ ಹೋದ. ಟಿಪ್ಪು ಸುಲ್ತಾನ್ ಮಡಿದು ಒಂದು ವರ್ಷವಾಗಿತ್ತು. ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಜನ ಏನು ಉಣ್ಣುತ್ತಾರೆ, ಏನು ನೇಯುತ್ತಾರೆ ಎಂದು ನೋಡಿಬರಲು ಇಂಗ್ಲಿಷರು ಅವನನ್ನು ಕಳಿಸಿದ್ದರು. ಸತ್ತೇಗಾಲ, ಸಿಂಗಾನಲ್ಲೂರು, ಹನೂರು, ಕೌದಳ್ಳಿಗಳ ಮೂಲಕ ಕಾವೇರಿಪುರದ ಕಡೆಗೆ ಇಳಿದುಹೋದ. ವೃತ್ತಿಯಿಂದ ವೈದ್ಯನಾದರೂ ಅವನ ಪ್ರಾಣವೆಲ್ಲ ಸಸ್ಯಶಾಸ್ತ್ರದಲ್ಲಿ. ದಾರಿಯುದ್ದಕ್ಕೂ ಗಿಡಮರಗಳ ಹೆಸರು ಬರೆದುಕೊಳ್ಳುತ್ತಿದ್ದ. ಅಂಥ ಗಿಡ ಬಲ್ಲವನು ಈ ಬೆಟ್ಟಗಳ ಸೆರಗಿನಲ್ಲಿ ನಡೆದುಹೋದರೂ ಒಂದು ಗಿಡ ಮಾತ್ರ ಅವನ ಕಣ್ಣಿಗೆ ಬಿದ್ದಿರುವುದು ಸಾಧ್ಯವೇ ಇಲ್ಲ. ಇವತ್ತು ಅದೇ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಕತ್ತು ಹೊರಗೆ ಹಾಕಿದರೆ ಮೊದಲು ಕಾಣುವುದು ಅದೇ ಗಿಡ. ಹೆಸರು ಲಂಟಾನ. ಚದುರಂಗಿ ಎಂದು ಕರೆಯುವವರೂ ಇದ್ದಾರೆ.

ಬುಕಾನನ್ ಹೋದ ಕಾಲಕ್ಕೆ ನಮ್ಮ ಕಡೆಯ ಮನೆತೋಟ ಹೇಗಿತ್ತು? ಅದಕ್ಕೆ ಹೂದೋಟ ಎಂಬ ಹೆಸರೇ ಇರಲಿಲ್ಲ, ಅದು ಹಿತ್ತಿಲು. ಬಚ್ಚಲ ನೀರು ಹರಿದು ಸೇರುವಲ್ಲಿ ಬಾಳೆ, ಪಕ್ಕದಲ್ಲಿ ಕರಿಬೇವು, ಗೋಡೆಯಾಚೆ ನುಗ್ಗೆ, ಚಪ್ಪರದ ಮೇಲೆ ಹೀರೆ, ಪಡವಲ. ಮುಂದೆ ತುಳಸಿಕಟ್ಟೆ, ಅದರ ಸುತ್ತ ದೇವರ ಪೂಜೆಗೆ, ಹೆಣ್ಣುಮಕ್ಕಳ ಮುಡಿಗೆ ಬೇಕಾದ ನಾಲ್ಕು ಹೂಗಿಡ. ಬೇಲಿಗೆ ಕಳ್ಳಿ, ಲಕ್ಕಿ, ಆಡುಸೋಗೆ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ, ಆದರೆ ಆಡುಸೋಗೆಗೆ ಆಡೂ ಬಾಯಿ ಹಾಕುವುದು ಕಡಮೆ. ಅದನ್ನು ಬೇಲಿಗೆ ಆರಿಸಿದವರು ಸುಮ್ಮನೆ ಆರಿಸಿದವರಲ್ಲ. ಮೇಲಾಗಿ ಅದು ಕೆಮ್ಮಿಗೆ ಮದ್ದು. ಈ ಹಿತ್ತಿಲಿನ ವಿನ್ಯಾಸ ಮಾಡಿದವರು ಮನೆಯ ಹೆಂಗಸರು. ಯಾವ ಪುಸ್ತಕದಲ್ಲೂ ಅವರ ಹೆಸರಿಲ್ಲ. ನೀರು ಎಲ್ಲಿ ನಿಲ್ಲುತ್ತದೆ, ನೆರಳು ಯಾವ ಹೊತ್ತಿಗೆ ಎತ್ತ ವಾಲುತ್ತದೆ ಎಂಬುದನ್ನು ತಿಳಿದೇ ಅವರು ಗಿಡ ನೆಡುತ್ತಿದ್ದರು. ಇವತ್ತು ಉದ್ಯಾನ ವಿನ್ಯಾಸದ ತರಗತಿಯಲ್ಲಿ ಕಲಿಸುವ ಮೊದಲ ಪಾಠವೂ ಇದೇ.

ಅರಸರ ತೋಟದ ರೀತಿ ಬೇರೆ. ಹೈದರಾಲಿ 1760ರಲ್ಲಿ ಆರಂಭಿಸಿದ ಬೆಂಗಳೂರಿನ ಲಾಲ್‌ಬಾಗನ್ನೂ ಬುಕಾನನ್ ನೋಡಿದ್ದ. ಚೌಕ ಚೌಕ ಪಾತಿಗಳು, ನಡುವೆ ಕಾಲುದಾರಿ, ಅದರ ಅಂಚಿನಲ್ಲಿ ಸೈಪ್ರೆಸ್ ಮರಗಳ ಸಾಲು, ಒಂದು ಚೌಕದ ತುಂಬ ಗುಲಾಬಿಯೇ ಆದರೆ ಇನ್ನೊಂದರ ತುಂಬ ದಾಳಿಂಬೆಯೇ ಎಂದು ವರ್ಣಿಸಿದ್ದಾನೆ. ಆ ತೋಟಕ್ಕೂ ದೂರದೂರುಗಳಿಂದ ಸಸಿ ತರಿಸುತ್ತಿದ್ದರು. ಗಿಡ ತರಿಸುವ ಚಪಲ ಇಂಗ್ಲಿಷರಿಂದಲೇ ಹುಟ್ಟಿದ್ದಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಮೆಣಸಿನಕಾಯಿ, ಸೀಬೆ, ಪರಂಗಿ ಇವೆಲ್ಲ ಪೋರ್ಚುಗೀಸರ ಕಾಲದಲ್ಲಿ ಅಮೆರಿಕದಿಂದ ಬಂದವು. ನಾವು ಹಬ್ಬಕ್ಕೆ ಬಾಗಿಲಿಗೆ ಕಟ್ಟುವ ಚೆಂಡುಹೂವಿನ ತವರು ಮೆಕ್ಸಿಕೋ. ಪರಂಗಿ ತನ್ನ ಹೆಸರಿನಲ್ಲೇ ತನ್ನ ಊರನ್ನು ಹೇಳುತ್ತದೆ. ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದು ಎಂದು ವಾದಿಸುವವನು ಮೊದಲು ತನ್ನ ಸಾರಿನಿಂದ ಮೆಣಸಿನಕಾಯಿಯನ್ನು ಎತ್ತಿಡಬೇಕಾದೀತು.

ಲಂಟಾನದ ಕಥೆ ಆರಂಭವಾಗುವುದು ದಕ್ಷಿಣ ಅಮೆರಿಕದಲ್ಲಿ. ಹದಿನೇಳನೆಯ ಶತಮಾನದಲ್ಲಿ ಡಚ್ಚರು ಬ್ರೆಜಿಲ್‌ನಿಂದ ಅದನ್ನು ಯುರೋಪಿಗೆ ಒಯ್ದರು. ಅಲ್ಲಿಯ ಚಳಿಗೆ ಬಯಲಲ್ಲಿ ಬದುಕುವುದು ಕಷ್ಟವಾದ್ದರಿಂದ ಗಾಜಿನ ಮನೆಯೊಳಗೆ ಬೆಳೆಸಿದರು. ಒಂದೇ ಗೊಂಚಲಿನಲ್ಲಿ ಹಳದಿ, ಕಿತ್ತಳೆ, ಕೆಂಪು ಹೂಗಳು. ಮೊಗ್ಗು ಬಿರಿದಾಗ ಹಳದಿ, ದಿನ ಕಳೆದಂತೆ ಕೆಂಪು. ಇಂಥ ಗಿಡವನ್ನು ತೋಟಗಾರ ಬಿಟ್ಟಾನೆಯೇ? ಒಂದು ಬಗೆಯನ್ನು ಇನ್ನೊಂದರ ಜೊತೆ ಕೂಡಿಸಿ, ಹೊಸ ಹೊಸ ಬಣ್ಣದ ತಳಿಗಳನ್ನು ತೆಗೆದರು. ಇಂದು ನೂರಾರು ತಳಿಗಳುಂಟು. 1753ರಲ್ಲಿ ಲಿನೇಯಸ್ ಅದಕ್ಕೆ ಲಂಟಾನ ಕಮಾರ ಎಂದು ಹೆಸರಿಟ್ಟ. ಆ ಹೆಸರೇನೋ ಉಳಿಯಿತು. ಆದರೆ ತೋಟಗಾರರ ಕೈಯಲ್ಲಿ ಬೆರೆತು ಬೆರೆತು ಅದು ಕಾಡಿನ ಮೂಲ ಗಿಡವಾಗಿ ಉಳಿಯಲಿಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಭಾರತಕ್ಕೆ ಅದು ಕಾಲಿಟ್ಟದ್ದು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ, 1807ರಿಂದ 1809ರ ಸುಮಾರಿಗೆ. ಬಂದಿಳಿದದ್ದು ಕಲ್ಕತ್ತದ ಸಸ್ಯೋದ್ಯಾನದಲ್ಲಿ. 1787ರಲ್ಲಿ ಸ್ಥಾಪನೆಯಾದ ಆ ಉದ್ಯಾನಕ್ಕೆ ಆಗ ವಿಲಿಯಂ ರಾಕ್ಸ್‌ಬರ್ಗ್ ಮುಖ್ಯಸ್ಥ. ಅವನ ನಂತರ, 1814ರಲ್ಲಿ, ಸ್ವಲ್ಪ ಕಾಲ ಅದೇ ಸ್ಥಾನದಲ್ಲಿ ಕುಳಿತವನು ಮತ್ತಾರೂ ಅಲ್ಲ, ಹನೂರಿನ ದಾರಿಯಲ್ಲಿ ಹೋಗಿದ್ದ ಅದೇ ಬುಕಾನನ್. ಪೂರ್ಣಯ್ಯನವರಿಗೆ ಯಳಂದೂರು ಜಹಗೀರಾದ ಹೊತ್ತಿಗೂ ಕಲ್ಕತ್ತದಲ್ಲಿ ಲಂಟಾನ ಬೇರೂರಿದ ಹೊತ್ತಿಗೂ ಹೆಚ್ಚು ಅಂತರವಿಲ್ಲ. ಇವೆರಡಕ್ಕೂ ಸಂಬಂಧವಿಲ್ಲ, ನಿಜ. ಆದರೆ ಚರಿತ್ರೆಯ ಇಸವಿಗಳನ್ನು ಹೀಗೆ ಪಕ್ಕಪಕ್ಕ ಇಟ್ಟು ನೋಡುವ ಅಭ್ಯಾಸ ಒಳ್ಳೆಯದು. ಪಠ್ಯಪುಸ್ತಕ ಒಂದನ್ನು ಹೇಳುತ್ತದೆ, ಇನ್ನೊಂದನ್ನು ಹೇಳುವುದಿಲ್ಲ.

ಬಂಗಲೆಗಳ ಸುತ್ತ ಬೇಲಿಗಿಡವಾಗಿ ಲಂಟಾನ ಊರಿಂದೂರಿಗೆ ಹೋಯಿತು. ಬೇಲಿಗೆ ಇದಕ್ಕಿಂತ ಒಳ್ಳೆಯ ಗಿಡ ಬೇಕೇ ಎಂದು ಆಗಿನವರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. ಮುಳ್ಳುಂಟು, ದನ ತಿನ್ನುವುದಿಲ್ಲ, ನೀರು ಕೇಳುವುದಿಲ್ಲ, ವರ್ಷವಿಡೀ ಹೂವು, ಹೂವಿಗೆ ಚಿಟ್ಟೆ. ಇವೆಲ್ಲ ಬೇಲಿಗಿಡದ ಗುಣಗಳು. ಇವೇ ಕಳೆಗಿಡದ ಗುಣಗಳೂ ಹೌದು ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಪಾಪಾಸುಕಳ್ಳಿಯ ವಿಷಯ ಹೇಳಬೇಕು. ಅದೂ ಅಮೆರಿಕದ್ದೇ. ಅದನ್ನು ತಂದದ್ದು ಅಂದಕ್ಕಲ್ಲ, ಹಣಕ್ಕೆ. ಆ ಕಳ್ಳಿಯ ಮೇಲೆ ಬದುಕುವ ಒಂದು ಪುಟ್ಟ ಕೀಟದಿಂದ ಕಿರಮಂಜಿ ಬಣ್ಣ ಸಿಗುತ್ತದೆ. ಸ್ಪೇನ್ ದೇಶದವರು ಮೆಕ್ಸಿಕೋದಿಂದ ಆ ಬಣ್ಣ ತಂದು ಮಾರಿ ಹಣ ಮಾಡುತ್ತಿದ್ದುದನ್ನು ಕಂಡು ಈಸ್ಟ್ ಇಂಡಿಯಾ ಕಂಪನಿಯವರ ಬಾಯಲ್ಲಿ ನೀರೂರಿತು. ಮದ್ರಾಸಿನಲ್ಲಿ ಜೇಮ್ಸ್ ಆಂಡರ್ಸನ್ ಎಂಬ ವೈದ್ಯ 1780ರ ದಶಕದಲ್ಲಿ ಇದಕ್ಕೆಂದೇ ಕಳ್ಳಿತೋಟ ಮಾಡಿದ. 1795ರಲ್ಲಿ ಬ್ರೆಜಿಲ್‌ನಿಂದ ಕೀಟವೂ ಬಂತು. ಆದರೆ ಬಂದದ್ದು ಬೇರೆ ಜಾತಿಯ ಕೀಟ. ಬಣ್ಣ ಕೊಡುವುದಕ್ಕಿಂತ ಕಳ್ಳಿಯನ್ನೇ ತಿಂದು ಮುಗಿಸುವುದರಲ್ಲಿ ಅದು ಚುರುಕು. ಕಿರಮಂಜಿಯ ವ್ಯಾಪಾರ ನೆಲಕಚ್ಚಿತು, ಕಳ್ಳಿ ಮಾತ್ರ ಬೇಲಿಯಾಗಿ ಹಳ್ಳಿಹಳ್ಳಿಗೆ ಹಬ್ಬಿತು.

ಆ ಕೀಟ ತಿಂದದ್ದು ಒಂದು ಜಾತಿಯ ಕಳ್ಳಿಯನ್ನು. ದಕ್ಷಿಣದಲ್ಲಿ ಹಬ್ಬಿದ ಇನ್ನೊಂದು ಜಾತಿಯನ್ನು ಅದು ಮೂಸಿಯೂ ನೋಡಲಿಲ್ಲ. ಗೋಮಾಳ, ಹೊಲದ ಬದು, ಊರಬಾಗಿಲು ಎಲ್ಲ ಕಡೆ ಕಳ್ಳಿ. ಕೊನೆಗೆ 1926ರಲ್ಲಿ ಸಿಂಹಳದಿಂದ ಅದೇ ವಂಶದ ಮತ್ತೊಂದು ಕೀಟವನ್ನು ತಂದು ಬಿಟ್ಟರು. ಐದಾರು ವರ್ಷಗಳಲ್ಲಿ ದಕ್ಷಿಣ ಭಾರತದ ಸುಮಾರು 40,000 ಹೆಕ್ಟೇರಿನಷ್ಟು ನೆಲ ಕಳ್ಳಿಯಿಂದ ಬಿಡುಗಡೆ ಹೊಂದಿತು. ಆಗ ಕೊಳ್ಳೇಗಾಲವೂ ಸೇರಿದ್ದ ಮದ್ರಾಸ್ ಪ್ರಾಂತ್ಯದಲ್ಲಿ ಇದು ದೊಡ್ಡ ಗೆಲುವು. ವಿಜ್ಞಾನದ ವಿದ್ಯಾರ್ಥಿಗಳು ಜೈವಿಕ ನಿಯಂತ್ರಣ ಎಂಬ ಪಾಠದಲ್ಲಿ ಇಂದಿಗೂ ಇದನ್ನು ಓದುತ್ತಾರೆ. ನಾನೂ ಬಿ.ಎಸ್ಸಿ.ಯಲ್ಲಿ ಓದಿದ್ದು ಹೀಗೆಯೇ, ಎರಡು ಸಾಲಿನಲ್ಲಿ. ಅದು ನಮ್ಮ ಸುತ್ತಲಿನ ಹೊಲಗಳಲ್ಲೇ ನಡೆದ ಕಥೆ ಎಂದು ಆಗ ಪಾಠ ಹೇಳಿದವರಾರೂ ತಿಳಿಸಲಿಲ್ಲ.

ಹಾಗಾದರೆ ಲಂಟಾನಕ್ಕೂ ಒಂದು ಕೀಟ ತಂದು ಬಿಡಬಾರದೇ? ಬಿಟ್ಟರು. ಹವಾಯಿ ದ್ವೀಪದವರು 1902ರಲ್ಲೇ ಮೆಕ್ಸಿಕೋದಿಂದ ಹಲವು ಕೀಟಗಳನ್ನು ತರಿಸಿ ಪ್ರಯತ್ನಿಸಿದ್ದರು. ನಮ್ಮ ದೇಶಕ್ಕೆ 1921ರಲ್ಲಿ ಅದರ ಕಾಯಿಯನ್ನು ಕೊರೆಯುವ ಒಂದು ನೊಣ ಬಂತು, 1941ರಲ್ಲಿ ಎಲೆಯ ರಸ ಹೀರುವ ಒಂದು ತಿಗಣೆಜಾತಿಯ ಕೀಟ ಬಂತು. ಎರಡೂ ಇಲ್ಲಿ ನೆಲೆಸಿದವು, ತಮ್ಮ ಪಾಡಿಗೆ ತಿಂದವು. ಲಂಟಾನ ಮಾತ್ರ ಜಗ್ಗಲಿಲ್ಲ. ಬೇಸಗೆಯಲ್ಲಿ ಎಲೆ ಉದುರಿಸಿ ಒಣಕಲು ಕಡ್ಡಿಯಂತೆ ನಿಲ್ಲುತ್ತದೆ, ಮಳೆ ಬಿದ್ದ ವಾರದಲ್ಲಿ ಚಿಗುರುತ್ತದೆ. ಕಳ್ಳಿ ಸೋತದ್ದು, ಲಂಟಾನ ಗೆದ್ದದ್ದು ಏಕೆ ಎಂಬುದಕ್ಕೆ ವಿಜ್ಞಾನಿಗಳು ಕೊಡುವ ಕಾರಣಗಳಲ್ಲಿ ಒಂದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಕೀಟಗಳು ಆಹಾರದ ವಿಷಯದಲ್ಲಿ ಬಹಳ ಚೂಟಿ, ಒಂದು ಬಗೆಯ ಗಿಡ ಹಿಡಿಸಿದರೆ ಇನ್ನೊಂದು ಹಿಡಿಸದು. ಲಂಟಾನವೋ ಒಂದು ಗಿಡವಲ್ಲ, ಇನ್ನೂರು ಮುನ್ನೂರು ವರ್ಷ ತೋಟಗಾರರು ಬೆರೆಸಿ ಮಾಡಿದ ಕಲಸುಮೇಲೋಗರ. ಒಂದರ ದೌರ್ಬಲ್ಯ ಇನ್ನೊಂದಕ್ಕಿಲ್ಲ. ಹೂವಿನ ಬಣ್ಣಕ್ಕಾಗಿ ಮಾಡಿದ ಕೆಲಸ ಗಿಡಕ್ಕೆ ಕವಚವಾಯಿತು.

ಇನ್ನುಳಿದ ಗುಣಗಳನ್ನು ಬೇಗ ಹೇಳಿಬಿಡುತ್ತೇನೆ. ಒಂದು ಗಿಡದಲ್ಲಿ ವರ್ಷಕ್ಕೆ ಸಾವಿರಗಟ್ಟಲೆ ಹಣ್ಣು. ಕಪ್ಪಗೆ, ಮಣಿಯಂತೆ ಹೊಳೆಯುವ ಆ ಹಣ್ಣನ್ನು ಪಿಕಳಾರ, ಮೈನಾ ಮುಂತಾದ ಹಕ್ಕಿಗಳು ತಿಂದು ಬೀಜವನ್ನು ದೂರ ಒಯ್ದು ಉದುರಿಸುತ್ತವೆ. ಎಲೆಯಲ್ಲಿ ವಿಷವಿದೆ. ತಿಂದ ದನಕ್ಕೆ ಪಿತ್ತಕೋಶ ಕೆಟ್ಟು ಬಿಸಿಲು ತಾಕಿದಲ್ಲಿ ಚರ್ಮ ಸುಲಿಯುತ್ತದೆ. ಎಲೆ, ಬೇರುಗಳಿಂದ ಮಣ್ಣಿಗಿಳಿಯುವ ರಾಸಾಯನಿಕಗಳು ಬೇರೆ ಸಸಿಗಳ ಮೊಳಕೆಯನ್ನು ತಡೆಯುತ್ತವೆ. ಕಡಿದರೆ ಬುಡದಿಂದ ಮತ್ತೆ ಹತ್ತು ಕವಲು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಒಂದೂವರೆ ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು ಕಾಡನ್ನು ಅದು ಆವರಿಸಿದೆ. ಕರ್ನಾಟಕ ರಾಜ್ಯದ ಒಟ್ಟು ವಿಸ್ತೀರ್ಣ ಒಂದು ಲಕ್ಷ ತೊಂಬತ್ತೆರಡು ಸಾವಿರ ಚದರ ಕಿಲೋಮೀಟರಿಗಿಂತ ಕಡಮೆ. ಲೆಕ್ಕ ನೀವೇ ಹಾಕಿಕೊಳ್ಳಿ.

ಈಗ ಬೆಟ್ಟಕ್ಕೆ ಹೋಗೋಣ.

ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಮಹದೇಶ್ವರ ಬೆಟ್ಟದಲ್ಲಿಯೂ ಸೋಲಿಗರು ಕಾಲಾಂತರದಿಂದ ಬದುಕಿದ್ದಾರೆ. ಬಿಳಿಗಿರಿರಂಗನಿಗೂ ಸೋಲಿಗರ ಹೆಣ್ಣು ಕುಸುಮಾಲೆಗೂ ಮದುವೆಯಾಯಿತೆಂದು ಜನಪದ ಕಥೆ ಹೇಳುತ್ತದೆ. ಹಾಗಾಗಿ ರಂಗಸ್ವಾಮಿ ಸೋಲಿಗರಿಗೆ ಬರಿಯ ದೇವರಲ್ಲ, ನಂಟನೂ ಹೌದು. ಬೆಟ್ಟದ ಕಾಡಿನೊಳಗೆ ಭಾರ್ಗವಿ ಹೊಳೆಯ ದಂಡೆಯಲ್ಲಿ ದೊಡ್ಡಸಂಪಿಗೆ ಎಂಬ ಮರವಿದೆ. ನೂರಾರು ವರ್ಷ ಬಾಳಿದ, ಹಲವು ಕಾಂಡಗಳು ಕೂಡಿ ಬೆಳೆದಂತೆ ಕಾಣುವ ಮಹಾವೃಕ್ಷ. ಸೋಲಿಗರಿಗೆ ಅದು ಪೂಜಾಸ್ಥಾನ. ಬುಡದಲ್ಲಿ ಲಿಂಗದ ಕಲ್ಲುಗಳಿವೆ. ಕ್ಯಾಮೆರಾದ ಚೌಕಟ್ಟಿಗೆ ಆ ಮರ ಸಿಗುವುದಿಲ್ಲ. ಬುಡ ತೋರಿಸಿದರೆ ನೆತ್ತಿ ಇಲ್ಲ, ನೆತ್ತಿ ತೋರಿಸಿದರೆ ಬುಡ ಇಲ್ಲ. ನಮ್ಮ ಮನೆಗಳ ಮುಂದೆ ನೆಡುವ ಸಂಪಿಗೆಯೂ ಇದೇ ಜಾತಿ. ಕಾಡಿನಿಂದ ಹೂದೋಟಕ್ಕೆ ಬಂದ ಗಿಡ ಅದು. ಲಂಟಾನ ಹೂದೋಟದಿಂದ ಕಾಡಿಗೆ ಹೋದದ್ದು.

ಸೋಲಿಗರು ಹಿಂದೆ ಬೇಸಗೆಯ ಆರಂಭದಲ್ಲಿ, ತರಗೆಲೆ ಇನ್ನೂ ತೆಳುವಾಗಿರುವಾಗಲೇ, ನೆಲದ ಮಟ್ಟದಲ್ಲಿ ಸಣ್ಣ ಬೆಂಕಿ ಕೊಡುತ್ತಿದ್ದರು. ಅದಕ್ಕೆ ತರಗು ಬೆಂಕಿ ಎಂದು ಹೆಸರು. ಹುಲ್ಲು ಚಿಗುರಲಿ, ಓಡಾಟಕ್ಕೆ ದಾರಿ ತೆರೆಯಲಿ, ನೆಲ್ಲಿಮರಕ್ಕೆ ಅಂಟುವ ಉಪ್ಪಿಲು ಎಂಬ ಬದನಿಕೆ ಸಾಯಲಿ ಎಂಬುದು ಉದ್ದೇಶ. ದೊಡ್ಡ ಮರಗಳಿಗೆ ಆ ಬೆಂಕಿ ತಾಕುತ್ತಿರಲಿಲ್ಲ. ಆಗಲೂ ಕಾಡಿನಲ್ಲಿ ಲಂಟಾನ ಅಲ್ಲಲ್ಲಿ ಇತ್ತು, ಆದರೆ ಎಳೆಯ ಗಿಡಗಳು ಬೆಂಕಿಗೆ ಹೋಗುತ್ತಿದ್ದವು ಎಂದು ಹಿರಿಯ ಸೋಲಿಗರು ಹೇಳುತ್ತಾರೆ. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾಯಿತು. ಕುಮರಿ ಬೇಸಾಯ ನಿಂತಿತು, ಬೆಂಕಿ ನಿಂತಿತು, ಸೋಲಿಗರನ್ನು ಪೋಡುಗಳಲ್ಲಿ ಒಂದೆಡೆ ನೆಲೆಗೊಳಿಸಿದರು. ಕಾಡಿನ ರಕ್ಷಣೆಗೆಂದೇ ಮಾಡಿದ ಕಾನೂನು, ಉದ್ದೇಶ ಒಳ್ಳೆಯದೇ. ಆದರೆ ಕಾಡಿನೊಳಗಿನ ಮನುಷ್ಯನ ಕೈಯೂ ಆ ಕಾಡಿನ ಒಂದು ಭಾಗವಾಗಿತ್ತು ಎಂಬುದು ಲೆಕ್ಕಕ್ಕೆ ಬರಲಿಲ್ಲ.

ಇದು ಬರಿಯ ಹೇಳಿಕೆ ಮಾತೇ, ಅಳತೆಗೆ ಸಿಕ್ಕುವ ಸತ್ಯವೇ? ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಒಂದೇ ಬಗೆಯ ಅಳತೆಯನ್ನು 1997ರಲ್ಲೊಮ್ಮೆ, 2008ರಲ್ಲೊಮ್ಮೆ ಮಾಡಿದರು. ಮೊದಲ ಸಲ ಅಳತೆಯ ತಾಕುಗಳಲ್ಲಿ ನೂರಕ್ಕೆ ಸುಮಾರು ನಲವತ್ತರಲ್ಲಿ ಲಂಟಾನ ಕಂಡಿತ್ತು. ಹನ್ನೊಂದು ವರ್ಷದ ಮೇಲೆ ನೂರಕ್ಕೆ ಸುಮಾರು ಎಂಬತ್ತರಲ್ಲಿ. ಎರಡರಷ್ಟು! ಅದೇ ಸಂಸ್ಥೆಯವರು ಸೋಲಿಗರನ್ನು ಕೂರಿಸಿಕೊಂಡು ಕಾರಣ ಕೇಳಿದಾಗ ಅವರು ತೋರಿಸಿದ್ದು ಬೆಂಕಿ ನಿಂತದ್ದನ್ನು. ಇದನ್ನು ಎಲ್ಲ ವಿಜ್ಞಾನಿಗಳೂ ಹಾಗೆಯೇ ಒಪ್ಪುವುದಿಲ್ಲ. ಬೆಂಕಿಯಿಂದ ಲಂಟಾನ ಹೆಚ್ಚುತ್ತದೆ ಎಂದು ವಾದಿಸುವವರೂ ಇದ್ದಾರೆ. ನನಗೆ ತೋರುವ ಮಟ್ಟಿಗೆ ಎರಡು ಮಾತಿಗೂ ಜಾಗವಿದೆ. ಗಿಡ ವಿರಳವಾಗಿದ್ದಾಗ ಹಾಯುವ ತೆಳು ಬೆಂಕಿಯೇ ಬೇರೆ, ಆಳೆತ್ತರ ಬೆಳೆದು ಒಣಗಿನಿಂತ ಪೊದೆಗೆ ಹತ್ತುವ ಬೆಂಕಿಯೇ ಬೇರೆ. ಈಗ ಹತ್ತಿದರೆ ಅದು ಮರದ ನೆತ್ತಿಗೇ ಏರುತ್ತದೆ. ಹಾಗಾಗಿ ಹಳೆಯ ತರಗು ಬೆಂಕಿಯನ್ನು ಇದ್ದಕ್ಕಿದ್ದಂತೆ ಮರಳಿ ತರುವುದೂ ಸುಲಭವಲ್ಲ.

ಇದರಿಂದ ಯಾರಿಗೆ ಏನು ನಷ್ಟ? ನೆಲ್ಲಿ, ಜೇನು, ಗೆಡ್ಡೆಗೆಣಸು ಸಂಗ್ರಹಿಸಿ ಬದುಕುವವರಿಗೆ ಕಾಲಿಡಲು ದಾರಿಯಿಲ್ಲ. ಪೊದೆಯಾಚೆ ಆನೆ ನಿಂತಿದ್ದರೆ ಹತ್ತು ಹೆಜ್ಜೆ ದೂರದಿಂದಲೂ ಕಾಣದು. ಕಡವೆ, ಜಿಂಕೆ, ಕಾಟಿಗಳಿಗೆ ಹುಲ್ಲಿಲ್ಲ. ಮರಗಳ ಸಸಿಗಳು ಪೊದೆಯ ಕೆಳಗೆ ಬೆಳಕು ಕಾಣದೆ ಹೋಗುತ್ತವೆ. ಮುದಿ ಮರಗಳು ಬಿದ್ದ ಮೇಲೆ ಆ ಜಾಗಕ್ಕೆ ಯಾರು ಬರಬೇಕು? 2011ರಲ್ಲಿ ಈ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು, ಅದೇ ವರ್ಷ ಅರಣ್ಯ ಹಕ್ಕು ಕಾಯಿದೆಯಂತೆ ಸೋಲಿಗರ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರಗಳೂ ಬಂದವು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಹೀಗೆ ಹಕ್ಕು ದೊರೆತದ್ದು ದೇಶದಲ್ಲೇ ಮೊದಲು. ಹಕ್ಕು ಕೈಗೆ ಬಂತು. ಆದರೆ ಹಕ್ಕು ಬಂದ ನೆಲದ ಬಹುಭಾಗದ ಮೇಲೆ ಲಂಟಾನ ಕುಳಿತಿತ್ತು.

ಬೆಂಗಳೂರಿನ ವಿಷಯಕ್ಕೆ ಒಂದು ಮಾತು. ಲಾಲ್‌ಬಾಗ್ 1856ರಲ್ಲಿ ಸರಕಾರಿ ಸಸ್ಯೋದ್ಯಾನವಾಯಿತು. 1908ರಲ್ಲಿ ಅಲ್ಲಿಗೆ ಬಂದ ಜರ್ಮನಿಯ ಕ್ರುಂಬಿಗಲ್ ಅವರ ಹೆಸರನ್ನು ನೀವು ಕೇಳಿರಬಹುದು, ಲಾಲ್‌ಬಾಗಿನ ಪಕ್ಕದ ರಸ್ತೆಗೆ ಅವರ ಹೆಸರಿದೆ. 1932ರವರೆಗೆ ಅಲ್ಲಿದ್ದರು. ಒಂದು ರಸ್ತೆಯ ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ರಸ್ತೆಯ ಮರ ಹೂಬಿಡಬೇಕು ಎಂದು ಯೋಜಿಸಿ ಸಾಲುಮರ ನೆಡಿಸಿದವರು ಅವರು. ಮೈಸೂರಿನ ಅರಮನೆ ತೋಟ, ಕನ್ನಂಬಾಡಿಯ ಬೃಂದಾವನಗಳ ಹಿಂದೆಯೂ ಅವರ ಕೈವಾಡವಿದೆ. ಅವರು ಮತ್ತು ಅವರ ಹಿಂದುಮುಂದಿನವರು ತರಿಸಿದ ಮರಗಳಲ್ಲಿ ಹೆಚ್ಚಿನವು ಪರದೇಶದವು. ಗುಲ್‌ಮೊಹರ್ ಮಡಗಾಸ್ಕರಿನದು, ಜಕರಾಂಡ ದಕ್ಷಿಣ ಅಮೆರಿಕದ್ದು. ಅವು ಕಾಡಿಗೆ ನುಗ್ಗಲಿಲ್ಲ, ರಸ್ತೆಗೆ ನೆರಳು ಕೊಟ್ಟು ನಿಂತವು. ಹಾಗಾಗಿ ಕ್ರುಂಬಿಗಲ್ ಅವರನ್ನು ದೂರುವ ಈಚಿನ ಫ್ಯಾಷನ್ನು ನನಗೆ ಒಪ್ಪಿಗೆಯಿಲ್ಲ. ಗಿಡ ಯಾವ ದೇಶದ್ದು ಎಂಬುದಕ್ಕಿಂತ ಅದರ ಬೀಜ ಎಲ್ಲಿಗೆ ಹೋಗುತ್ತದೆ ಎಂಬುದು ದೊಡ್ಡ ಪ್ರಶ್ನೆ. ಅದೇ ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ನೋಡಿ. ಅಂದಕ್ಕೆಂದು ನೆಟ್ಟ ಮರ, ಈಗ ವಯನಾಡು, ಬಂಡೀಪುರದ ಕಾಡುಗಳಲ್ಲಿ ಲಂಟಾನಕ್ಕೆ ತಮ್ಮನಾಗಿ ಬೆಳೆಯುತ್ತಿದೆ. ನೀಲಿ ಹೂವಿನ ಚೆಲುವಿಗೆಂದು ತಂದ ಅಂತರಗಂಗೆ ನಮ್ಮ ಕೆರೆಗಳಿಗೆ ಮಾಡಿದ್ದನ್ನು ಹೇಳಲೇಬೇಕಿಲ್ಲ.

ಮಹದೇಶ್ವರ ಬೆಟ್ಟದ ಕಡೆ ಇನ್ನೊಂದು ಬೆಳವಣಿಗೆ ನಡೆದಿದೆ. ಅದು ನಮ್ಮ ಕಾರ್ಯಕ್ರಮದಲ್ಲಿ ಬರಲಿಲ್ಲ, ಬರಬೇಕಾಗಿತ್ತು. ಬುಟ್ಟಿ, ಮೊರ ಹೆಣೆಯುವವರಿಗೆ ಬಿದಿರು ಸಿಗುವುದು ಕಷ್ಟವಾದಾಗ, 2000ದ ದಶಕದಲ್ಲಿ, ಏಟ್ರೀ ಸಂಸ್ಥೆಯವರು ಅಲ್ಲಿಯ ಸೋಲಿಗರಿಗೆ ಲಂಟಾನದ ಕಡ್ಡಿಯಿಂದ ಪೀಠೋಪಕರಣ ಮಾಡುವುದನ್ನು ಕಲಿಸುವ ಏರ್ಪಾಡು ಮಾಡಿದರು. ಕಡ್ಡಿಯನ್ನು ಕತ್ತರಿಸಿ ನೀರಿನಲ್ಲಿ ಕುದಿಸುತ್ತಾರೆ. ಆಗ ತೊಗಟೆ ಸುಲಭವಾಗಿ ಬರುತ್ತದೆ, ಕಡ್ಡಿ ಬೆತ್ತದಂತೆ ಬಾಗುತ್ತದೆ. ಬಿಸಿ ಆರುವ ಮುನ್ನ ಬಗ್ಗಿಸಿ ಮೊಳೆ ಹೊಡೆಯಬೇಕು. ಕುರ್ಚಿ, ಸೋಫಾ, ಪುಸ್ತಕದ ಕಪಾಟು, ಆಟದ ಸಾಮಾನು ಎಲ್ಲ ಆಗುತ್ತದೆ. ಗೆದ್ದಲೂ ಸುಲಭವಾಗಿ ಹಿಡಿಯುವುದಿಲ್ಲ. ನೀಲಗಿರಿಯ ಗೂಡಲೂರಿನ ಕಡೆ ಆದಿವಾಸಿಗಳು ಇದೇ ಕಡ್ಡಿಯಿಂದ ನಿಜಗಾತ್ರದ ಆನೆಗಳನ್ನು ಕಟ್ಟಿದರು. 2021ರಲ್ಲಿ ಆ ಆನೆಗಳು ಲಂಡನ್ನಿನ ಉದ್ಯಾನಗಳಲ್ಲಿ ನಿಂತವು. ಈಚೆಗೆ ಬೆಂಗಳೂರಿನ ಲಾಲ್‌ಬಾಗಿನಲ್ಲೂ ಪ್ರದರ್ಶನವಾಯಿತು. ಗಾಜಿನ ಮನೆಯಲ್ಲಿ ಅರಳಿ ಹೊರಟ ಗಿಡ ಹೀಗೆ ಒಂದು ಸುತ್ತು ಹಾಕಿಕೊಂಡು ಗಾಜಿನ ಮನೆಯ ಪಕ್ಕಕ್ಕೇ ಬಂತು! ಆದರೆ ಇದನ್ನು ಪರಿಹಾರವೆಂದು ಯಾರೂ ಭಾವಿಸಬಾರದು. ಎಷ್ಟು ಸಾವಿರ ಕುರ್ಚಿ ಮಾಡಿದರೂ ಒಂದೂವರೆ ಲಕ್ಷ ಚದರ ಕಿಲೋಮೀಟರು ಮುಗಿಯದು. ಇದು ಕೆಲವು ಮನೆಗಳಿಗೆ ಅನ್ನ, ಅಷ್ಟರ ಮಟ್ಟಿಗೆ ಬಹಳ ಒಳ್ಳೆಯದು.

ಇನ್ನು ನಗರದ ಮನೆಯಂಗಳ. ಇಷ್ಟೆಲ್ಲ ಆದ ಮೇಲೂ ನರ್ಸರಿಗಳಲ್ಲಿ ಲಂಟಾನ ಮಾರುತ್ತಾರೆ ಎಂದರೆ ನಂಬುವಿರಾ? ಹೋಗಿ ನೋಡಿ. ಗಿಡ್ಡ ತಳಿ, ಹಳದಿ ತಳಿ, ಬಿಳಿ ತಳಿ, ನೇರಳೆ ತಳಿ. ರಸ್ತೆ ನಡುವಿನ ಪಾತಿಗಳಲ್ಲಿ, ಹೊಸ ಬಡಾವಣೆಗಳ ಅಂಚಿನಲ್ಲಿ ಧಾರಾಳವಾಗಿ ನೆಡುತ್ತಾರೆ. ಇದು ಬೀಜ ಕಟ್ಟದ ತಳಿ ಸಾರ್ ಎನ್ನುತ್ತಾರೆ. ಕೆಲವು ತಳಿಗಳ ಮಟ್ಟಿಗೆ ನಿಜವಿರಬಹುದು. ಆದರೆ ಬೀಜ ಕಟ್ಟದ ಗಿಡವೂ ಪರಾಗ ಬಿಡಬಲ್ಲದು. ಆ ಪರಾಗ ಕಾಡುಬಿದ್ದ ಲಂಟಾನಕ್ಕೆ ತಲುಪಿದರೆ ಮತ್ತೊಂದು ಹೊಸ ಬೆರಕೆ. ಆಸ್ಟ್ರೇಲಿಯಾದ ಹಲವು ರಾಜ್ಯಗಳಲ್ಲಿ ಇದರ ಮಾರಾಟವನ್ನೇ ನಿಷೇಧಿಸಿದ್ದಾರೆ.

ಬೇಲಿ ಬೇಕೆಂದರೆ ನಮ್ಮ ಲಕ್ಕಿ, ಆಡುಸೋಗೆಗಳಿಗೆ ಏನಾಗಿದೆ? ಕತ್ತರಿಸಿದಷ್ಟೂ ದಟ್ಟವಾಗುತ್ತವೆ, ಕಡ್ಡಿ ನೆಟ್ಟರೆ ಬೇರೂರುತ್ತವೆ. ಲಕ್ಕಿಯ ನೀಲಿ ಹೂಗೊಂಚಲು ನೋಡಲೂ ಚೆನ್ನ, ಜೇನಿಗೂ ಪ್ರಿಯ. ಒಳಗಿನ ಸಾಲಿಗೆ ನಂದಿಬಟ್ಟಲು. ದಾಸವಾಳ ಮೂಲದಲ್ಲಿ ಹೊರಗಿನದಾದರೂ ಅದರಿಂದ ಕಾಡಿಗೆ ತೊಂದರೆಯಿಲ್ಲ. ಸ್ವಲ್ಪ ಜಾಗವಿದ್ದರೆ ಸಂಪಿಗೆ, ಹೊಂಗೆ. ತಾರಸಿಯೊಂದೇ ಇರುವವರಿಗೆ ಕುಂಡದಲ್ಲಿ ಕನಕಾಂಬರ, ಮಲ್ಲಿಗೆ, ಕರಿಬೇವು. ಚಿಟ್ಟೆ ಬರಲೆಂದು ಲಂಟಾನ ನೆಡುವವರು ಒಂದು ಕುಂಡದಲ್ಲಿ ಕರಿಬೇವು ಬೆಳೆಸಿ ನೋಡಲಿ. ಲಂಟಾನ ಚಿಟ್ಟೆಗೆ ಊಟ ಹಾಕೀತು, ಕರಿಬೇವು ಬಾಣಂತಿಕೋಣೆಯನ್ನೇ ಕೊಡುತ್ತದೆ. ಕಪ್ಪುಬಿಳಿ ಚುಕ್ಕೆಯ ನಿಂಬೆಚಿಟ್ಟೆಯ ಹುಳು ಬೆಳೆಯುವುದು ಅದರ ಎಲೆಯ ಮೇಲೆ. ಎಲೆ ಕಡಿಮೆಯಾಯಿತೆಂದು ಮನೆಯಲ್ಲಿ ಅಮ್ಮ ಬೈದರೆ ಅದನ್ನು ನೀವು ನಿಭಾಯಿಸಿಕೊಳ್ಳಬೇಕು.

ಶಾಲೆಯ ಆವರಣದಲ್ಲೋ ಮನೆಯ ಹಿಂದಿನ ಖಾಲಿ ನಿವೇಶನದಲ್ಲೋ ಲಂಟಾನ ಈಗಾಗಲೇ ಇದ್ದರೆ ಅದನ್ನು ತೆಗೆಯುವ ರೀತಿ ಹೀಗೆ. ಮೇಲಿನ ಕೊಂಬೆ ಸವರಿದರೆ ಪ್ರಯೋಜನವಿಲ್ಲ. ದೆಹಲಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ರೂಪಿಸಿದ ವಿಧಾನದಲ್ಲಿ ಗಿಡದ ಬುಡದ ಮಣ್ಣು ಬಿಡಿಸಿ, ನೆಲಮಟ್ಟದಿಂದ ಮೂರು ನಾಲ್ಕು ಸೆಂಟಿಮೀಟರ್ ಕೆಳಗೆ ಮುಖ್ಯ ಬೇರನ್ನು ಕತ್ತರಿಸುತ್ತಾರೆ. ಚಿಗುರು ಹೊರಡುವುದು ಕಾಂಡ ಮತ್ತು ಬೇರು ಕೂಡುವ ಆ ಗಂಟಿನಿಂದ. ಅದು ಹೋದರೆ ಗಿಡ ಹೋಯಿತು. ಕಿತ್ತ ಗಿಡವನ್ನು ಬುಡ ಮೇಲಾಗಿ, ಮಣ್ಣಿಗೆ ತಾಕದಂತೆ ಒಣಗಿಸಬೇಕು, ಇಲ್ಲದಿದ್ದರೆ ಬಿದ್ದಲ್ಲೇ ಬೇರು ಬಿಡುತ್ತದೆ. ಹಣ್ಣಾಗುವ ಮುನ್ನ ಮಾಡಿದರೆ ಅರ್ಧ ಕೆಲಸ ಉಳಿತಾಯ. ಖಾಲಿಯಾದ ನೆಲವನ್ನು ಹಾಗೇ ಬಿಡದೆ ಮೊದಲ ಮಳೆಗೇ ಹುಲ್ಲಿನ ಬೀಜ, ನಾಲ್ಕು ಸ್ಥಳೀಯ ಗಿಡ ಹಾಕಬೇಕು. ಮುಂದಿನ ಎರಡು ಮೂರು ವರ್ಷ ಮಳೆಗಾಲ ಮುಗಿದ ಮೇಲೆ ಹಕ್ಕಿ ಕೂರುವ ಮರಗಳ ಕೆಳಗೆ, ತಂತಿಯ ಕೆಳಗೆ ಹೋಗಿ ನೋಡಿ. ಸಸಿ ಇನ್ನೂ ಗೇಣುದ್ದ ಇರುವಾಗ ಬರಿಗೈಯಲ್ಲೇ ಕೀಳಬಹುದು. ಎಲೆಯನ್ನು ಉಜ್ಜಿದಾಗ ಮೂಗಿಗೆ ಹೊಡೆಯುವ ಘಾಟಿನಿಂದ ಅದನ್ನು ಗುರುತಿಸಬಹುದು.